ಚಿಪ್‌ನೊಳಗಿನ ಬಿರುಕು: ಮೊಬೈಲ್ ಬಳಕೆದಾರರ ಗುಟ್ಟು ಎಷ್ಟು ಭದ್ರ?

ಮೊಬೈಲ್‌ಗೆ ಕನ್ನ ಹಾಕುವವರು ಕಳ್ಳ ಆಪ್‌ಗಳ ಮೂಲಕವೋ ಮೋಸದ ಲಿಂಕ್‌ಗಳ ಮೂಲಕವೋ ಬರುತ್ತಾರೆಂಬುದು ಸಾಮಾನ್ಯ ತಿಳಿವಳಿಕೆ. ಆದರೆ ದೋಷವು ಫೋನಿನ ಮಿದುಳೆನಿಸಿದ ಚಿಪ್‌ನಲ್ಲಿಯೇ ಅಡಗಿದ್ದರೆ?

2020ರ ಆಗಸ್ಟ್‌ನಲ್ಲಿ ಇಸ್ರೇಲಿನ ಭದ್ರತಾ ಸಂಸ್ಥೆ ಚೆಕ್ ಪಾಯಿಂಟ್‌ನ ಸಂಶೋಧಕರು ಬಯಲು ಮಾಡಿದ್ದು ಇಂಥದೇ ಸಂಗತಿಯನ್ನು. ಕ್ವಾಲ್‌ಕಾಮ್ ಕಂಪನಿಯ ಸ್ನ್ಯಾಪ್‌ಡ್ರಾಗನ್ ಚಿಪ್‌ನ ಒಂದು ಭಾಗದಲ್ಲಿ 400ಕ್ಕೂ ಹೆಚ್ಚು ದುರ್ಬಲ ಕೋಡ್ ತುಣುಕುಗಳು ಅವರಿಗೆ ಸಿಕ್ಕಿದ್ದವು. ಗೂಗಲ್, ಸ್ಯಾಮ್‌ಸಂಗ್, ಶಿಯೋಮಿ, ಒನ್‌ಪ್ಲಸ್ ಮುಂತಾದ ಕಂಪನಿಗಳ ಫೋನ್‌ಗಳಲ್ಲಿ ಈ ಚಿಪ್ ಬಳಕೆಯಲ್ಲಿತ್ತು.

ಪ್ರೊಸೆಸರ್ ಎಂದು ನಾವು ಕರೆಯುವುದು ವಾಸ್ತವದಲ್ಲಿ ಹಲವು ಪ್ರೊಸೆಸರ್‌ಗಳ ಕೂಡುಕುಟುಂಬ. ಅದರಲ್ಲಿ ಧ್ವನಿ, ಚಿತ್ರಗಳ ಸಂಸ್ಕರಣೆಯ ಹೊರೆ ಹೊತ್ತದ್ದು ಡಿಎಸ್‌ಪಿ. ಅದರ ಒಳರಚನೆ ತಯಾರಕರಿಗಷ್ಟೇ ಗೊತ್ತು. ಹೊರಗಿನವರ ಪಾಲಿಗೆ ಅದು ಬೀಗ ಜಡಿದ ಪೆಟ್ಟಿಗೆ. ಫೋನ್ ಮಾರುವ ಕಂಪನಿಯೂ ದೋಷವನ್ನು ತಾನೇ ಸರಿಪಡಿಸಲಾರದು, ಚಿಪ್ ತಯಾರಕರತ್ತ ಮುಖ ಮಾಡಬೇಕು. ಯಾವ ಅನುಮತಿಯನ್ನೂ ಕೇಳದ ಸಾಧುವಿನಂಥ ಆಪ್ ಒಂದು ಈ ಹಾದಿಯಲ್ಲಿ ನುಸುಳಿ ಫೋಟೊ, ಕರೆಗಳ ಧ್ವನಿ, ಇರುವ ಸ್ಥಳದ ವಿವರಗಳನ್ನು ಕದಿಯಬಲ್ಲದು ಎಂದು ಸಂಶೋಧಕರು ಎಚ್ಚರಿಸಿದರು. ಅಂದಮೇಲೆ ‘ಅನುಮತಿಸು’, ‘ನಿರಾಕರಿಸು’ ಗುಂಡಿಗಳಿಗೆ ಏನು ಬೆಲೆ?

ದೋಷ ದುರ್ಬಳಕೆಯಾದ ಕುರುಹು ಇಲ್ಲವೆಂದು ಕ್ವಾಲ್‌ಕಾಮ್ ಆಗ ಸಮಾಧಾನ ಹೇಳಿ, ಪರಿಹಾರವನ್ನೂ ಒದಗಿಸಿತು. ಆದರೆ 2024ರ ಅಕ್ಟೋಬರ್‌ನಲ್ಲಿ ಡಿಎಸ್‌ಪಿಗೆ ಸಂಬಂಧಿಸಿದ ಮತ್ತೊಂದು ದೋಷ ಪ್ರಕಟವಾದಾಗ ಅಂಥ ಸಮಾಧಾನಕ್ಕೆ ಆಸ್ಪದವಿರಲಿಲ್ಲ. ಆಯ್ದ ಕೆಲವರ ಮೇಲೆ ಅದು ಆಗಲೇ ಪ್ರಯೋಗವಾಗಿರುವ ಸೂಚನೆಗಳಿದ್ದವು. ಸೆರ್ಬಿಯಾದಲ್ಲಿ ಹೋರಾಟಗಾರರೊಬ್ಬರ ಫೋನನ್ನು ಸೆಲ್ಲೆಬ್ರೈಟ್ ಕಂಪನಿಯ ಉಪಕರಣದಿಂದ ತೆರೆಯಲು ಕ್ವಾಲ್‌ಕಾಮ್ ಚಿಪ್‌ಗಳ ದೋಷವೊಂದನ್ನು ಬಳಸಲಾಗಿತ್ತೆಂದು ಅದೇ ಡಿಸೆಂಬರ್‌ನಲ್ಲಿ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ವರದಿ ಮಾಡಿತು. ಕನ್ನ ಹಾಕುವವರು ಸದಾ ಕಳ್ಳರೇ ಆಗಿರಬೇಕಿಲ್ಲ.

ಪರಿಹಾರದ ಪಯಣವೂ ದೀರ್ಘ. ಚಿಪ್ ತಯಾರಕರು ಕೊಟ್ಟ ತೇಪೆಯನ್ನು ಫೋನ್ ಕಂಪನಿ ತನ್ನ ಪ್ರತಿ ಮಾದರಿಗೂ ಹೊಂದಿಸಿ ಕಳುಹಿಸಬೇಕು. ಹಳೆಯ ಮಾದರಿಗಳ ಸರದಿ ಎಷ್ಟೋ ವೇಳೆ ಬರುವುದೇ ಇಲ್ಲ. ಫೋನ್ ಚೆನ್ನಾಗಿಯೇ ನಡೆಯುತ್ತಿರುವುದರಿಂದ ಒಡೆಯನಿಗೆ ಅದು ತಿಳಿಯುವುದೂ ಇಲ್ಲ.

ಆಂಡ್ರಾಯ್ಡ್ ಬಳಕೆದಾರರು ಸೆಟಿಂಗ್ಸ್‌ನಲ್ಲಿ ಸೆಕ್ಯುರಿಟಿ ಅಪ್‌ಡೇಟ್‌ನ ದಿನಾಂಕವನ್ನು ನೋಡಿಕೊಳ್ಳಬಹುದು. ಅದು ತಿಂಗಳ 1ನೇ ತಾರೀಖು ಎಂದಿದ್ದರೆ ಆ ತಿಂಗಳ ಮೂಲ ಆಂಡ್ರಾಯ್ಡ್ ತೇಪೆಗಳು ಬಂದಿವೆ ಎಂದರ್ಥ. ಚಿಪ್ ತಯಾರಕರ ತೇಪೆಗಳೂ ಸೇರಿದ್ದರೆ ಸಾಮಾನ್ಯವಾಗಿ 5ನೇ ತಾರೀಖು ಇರುತ್ತದೆ.