ನಿಯಮ ತಿದ್ದುವವರು ನಿಯಮ ಬಲ್ಲವರೇ?

ಚೌಕಾಬಾರ ಆಡಿದವರಿಗೆಲ್ಲ ಒಂದು ಜಗಳ ನೆನಪಿರುತ್ತದೆ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಮನೆಗೆ ಹೋಗಬಹುದೇ, ಕೂಡದೇ? ಅಜ್ಜಿಯ ಊರಿನಲ್ಲಿ ಒಂದು ಪದ್ಧತಿ, ಪಕ್ಕದ ಊರಿನಲ್ಲಿ ಇನ್ನೊಂದು. ತೀರ್ಪು ನೀಡಲು ಪುಸ್ತಕವಿಲ್ಲ, ಮನೆಯ ಹಿರಿಯರು ಹೇಳಿದ್ದೇ ಕೊನೆಯ ಮಾತು. ಆದರೆ ನೂರಾರು ಪುಟಗಳ ನಿಯಮಾವಳಿ ಅಚ್ಚಾಗಿರುವ ಆಟದಲ್ಲೂ ಇದೇ ಜಗಳ ಇಷ್ಟೇ ತೀವ್ರವಾಗಿ ನಡೆಯುತ್ತದೆಂಬುದು ನನಗೆ ತಿಳಿದದ್ದು ಮೂವತ್ತರ ಹೊಸ್ತಿಲಲ್ಲಿ, ಬೆಂಗಳೂರಿನ ಬಾಡಿಗೆ ಮನೆಯೊಂದರಲ್ಲಿ.

ಆ ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರಾಗನ್ಸ್’. ನಾಲ್ಕೈದು ಮಂದಿ ಮೇಜಿನ ಸುತ್ತ ಕೂರುತ್ತಾರೆ. ಒಬ್ಬೊಬ್ಬರದೂ ಒಂದೊಂದು ಪಾತ್ರ: ಯೋಧ, ಕಳ್ಳ, ಮಾಂತ್ರಿಕ, ಪೂಜಾರಿ. ಇನ್ನೊಬ್ಬ ಸೂತ್ರಧಾರ. ಎದುರಿಗಿರುವ ಗುಹೆ, ರಾಕ್ಷಸ, ಮಳೆ ಎಲ್ಲವನ್ನೂ ಅವನು ಮಾತಿನಲ್ಲಿ ಕಟ್ಟಿಕೊಡುತ್ತಾನೆ. ತನ್ನ ಪಾತ್ರ ಏನು ಮಾಡುತ್ತದೆಂದು ಆಟಗಾರ ಹೇಳುತ್ತಾನೆ. ಅದು ಕೈಗೂಡಿತೇ ಇಲ್ಲವೇ ಎಂಬುದನ್ನು ಇಪ್ಪತ್ತು ಮುಖದ ದಾಳ ನಿರ್ಧರಿಸುತ್ತದೆ. ವೇಷವಿಲ್ಲದೆ ಕುಳಿತಲ್ಲೇ ಮಾತು ಬೆಳೆಸುವ ನಮ್ಮ ತಾಳಮದ್ದಳೆಯನ್ನು ಬಲ್ಲವರಿಗೆ ಇದು ತೀರಾ ಪರಕೀಯವೆನಿಸದು. ವ್ಯತ್ಯಾಸವೆಂದರೆ, ಅಲ್ಲಿ ಕಥೆಯ ಕೊನೆ ಎಲ್ಲರಿಗೂ ಗೊತ್ತು; ಇಲ್ಲಿ ಸೂತ್ರಧಾರನಿಗೂ ಗೊತ್ತಿಲ್ಲ.

2004ರಲ್ಲಿ ಅಮೆರಿಕದಿಂದ ಮರಳಿದ ಸಹೋದ್ಯೋಗಿಯೊಬ್ಬರು ಈ ಹುಚ್ಚು ಹತ್ತಿಸಿದರು. ಪುಸ್ತಕಗಳು ಮೂರು, ಒಂದೊಂದಕ್ಕೆ ಸುಮಾರು 30 ಡಾಲರ್. ನಾವು ಕೊಳ್ಳಲಿಲ್ಲ. ಆಟದ ಒಡೆತನ ಹೊಂದಿದ್ದ ಕಂಪನಿ 2000ನೇ ಇಸವಿಯಿಂದ ನಿಯಮಗಳ ಬಹುಭಾಗವನ್ನು ಯಾರು ಬೇಕಾದರೂ ಬಳಸಬಹುದೆಂದು ಉಚಿತವಾಗಿ ಬಿಟ್ಟುಕೊಟ್ಟಿತ್ತು. ಅದನ್ನು ಕಚೇರಿಯ ಪ್ರಿಂಟರಿನಲ್ಲಿ, ಕಚೇರಿಗೆ ತಿಳಿಯದಂತೆ ಅಚ್ಚು ಹಾಕಿಕೊಂಡೆವು. ಆದರೆ ಆ ಉಚಿತ ಪಠ್ಯದಲ್ಲಿ ಎರಡು ಸಂಗತಿಗಳನ್ನು ಬೇಕೆಂದೇ ಬಿಡಲಾಗಿತ್ತು: ಪಾತ್ರದ ಶಕ್ತಿ, ಬುದ್ಧಿ ಮುಂತಾದವುಗಳ ಆರಂಭದ ಅಂಕಿ ಗೊತ್ತುಮಾಡುವ ಬಗೆ ಮತ್ತು ಅನುಭವ ಗಳಿಸಿ ಪಾತ್ರ ಬೆಳೆಯುವ ಲೆಕ್ಕ. ಅವು ಬೇಕಿದ್ದರೆ ಪುಸ್ತಕ ಕೊಳ್ಳಬೇಕು. ನಾವು ಅವೆರಡನ್ನೂ ಸ್ವಂತ ಬುದ್ಧಿಯಿಂದ ತುಂಬಿಕೊಂಡೆವು. ಎರಡು ವರ್ಷ ಕಳೆಯುವಷ್ಟರಲ್ಲಿ ಅವು ನಮ್ಮ ಸೃಷ್ಟಿ ಎಂಬುದನ್ನೇ ಮರೆತಿದ್ದೆವು.

ಇಪ್ಪತ್ತು ಮುಖದ ದಾಳವೂ ನಮಗೆ ಸಿಗಲಿಲ್ಲ. ತಂಬೋಲಾ ಡಬ್ಬಿಯಿಂದ 1ರಿಂದ 20ರವರೆಗಿನ ಬಿಲ್ಲೆಗಳನ್ನು ಆರಿಸಿ ಸ್ಟೀಲ್ ಲೋಟಕ್ಕೆ ಹಾಕಿದೆವು. ಸರದಿ ಬಂದವರು ಕಣ್ಣು ಮುಚ್ಚಿ ಒಂದನ್ನು ತೆಗೆಯಬೇಕು. ತೆಗೆದ ಬಿಲ್ಲೆಯನ್ನು ಮರಳಿ ಲೋಟಕ್ಕೆ ಹಾಕಬೇಕೆಂಬುದು ಗಣಿತ ಓದಿದ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಲೋಟ ಬರಿದಾದ ಮೇಲೆ ಇಪ್ಪತ್ತನ್ನೂ ಒಟ್ಟಿಗೆ ತುಂಬುತ್ತಿದ್ದೆವು.

ಇದು ಸಣ್ಣ ಲೋಪವಲ್ಲ, ಆಟದ ಜೀವವನ್ನೇ ಬದಲಿಸಿದ ಲೋಪ. ದಾಳಕ್ಕೆ ನೆನಪಿಲ್ಲ, ಈಗ ತಾನೇ ಒಂದು ಬಿದ್ದಿದ್ದರೂ ಮತ್ತೆ ಒಂದು ಬೀಳುವ ಸಾಧ್ಯತೆ ಇಪ್ಪತ್ತರಲ್ಲಿ ಒಂದೇ. ಲೋಟಕ್ಕಾದರೋ ನೆನಪಿತ್ತು. ಇಪ್ಪತ್ತು ಸಲ ತೆಗೆದರೆ ಅದರಲ್ಲಿ ಒಂದು ಸಲ 20 ಬರಲೇಬೇಕು, ಒಂದೇ ಸಲ 1 ಬರಬೇಕು. ಯಾರ ಗ್ರಹಚಾರವೂ ಬಹಳ ಹೊತ್ತು ಕೆಟ್ಟಿರುತ್ತಿರಲಿಲ್ಲ. ಧಾರವಾಡದ ಗೆಳೆಯನೊಬ್ಬ ಹೊರಬಿದ್ದ ಬಿಲ್ಲೆಗಳನ್ನೆಲ್ಲ ಮನಸ್ಸಿನಲ್ಲೇ ಲೆಕ್ಕವಿಡುತ್ತಿದ್ದ. ಲೋಟದಲ್ಲಿ ಕೆಟ್ಟ ಅಂಕಿಗಳೇ ಉಳಿದಿವೆ ಎನಿಸಿದರೆ ಅವನ ಪೂಜಾರಿ ಪಾತ್ರಕ್ಕೆ ಇದ್ದಕ್ಕಿದ್ದಂತೆ ಕಾಲುನೋವು ಬಂದು, ‘ನೀ ಮುಂದ ನಡಿಯೋ, ನಾ ಬರ್ತೀನಿ’ ಎನ್ನುತ್ತಿದ್ದ. ನಮಗೆ ಅರಿವಿಲ್ಲದೆಯೇ ಬೇರೊಂದು ಆಟವನ್ನು ಕಟ್ಟಿಕೊಂಡಿದ್ದೆವು. ಅದು ಕೆಟ್ಟ ಆಟವೇನೂ ಆಗಿರಲಿಲ್ಲ.

2007ರಲ್ಲಿ ಮತ್ತೊಬ್ಬ ಗೆಳೆಯ ವಿದೇಶದಿಂದ ಅಸಲಿ ಪುಸ್ತಕಗಳನ್ನೂ ದಾಳಗಳನ್ನೂ ತಂದ. ಸೂತ್ರಧಾರನಾಗಿದ್ದ ನಾನು ಒಂದು ವಾರ ಕೂತು ಓದಿದೆ, ನಾಚಿಕೊಂಡೆ. ಮುಂದಿನ ಶನಿವಾರ ಲೋಟವನ್ನು ಅಡುಗೆಮನೆಗೆ ಕಳುಹಿಸಿ, ‘ಇನ್ನು ಸರಿಯಾಗಿ ಆಡೋಣ’ ಎಂದೆ. ಯಾರನ್ನೂ ಕೇಳಲಿಲ್ಲ. ತಪ್ಪನ್ನು ತಿದ್ದಲು ಯಾರ ಒಪ್ಪಿಗೆ ಬೇಕು?

ಅದಾಗಿ ಮೂರನೆಯ ವಾರ ರೆಕ್ಕೆಯ ಸರ್ಪವೊಂದರ ವಿಷದ ಕೊಂಡಿ ಧಾರವಾಡದ ಗೆಳೆಯನ ಪೂಜಾರಿಗೆ ತಗುಲಿತು. ಆ ಆವೃತ್ತಿಯಲ್ಲಿ ವಿಷಕ್ಕೆ ಎರಡು ಪರೀಕ್ಷೆ: ತಗುಲಿದೊಡನೆ ಒಂದು, ಕಥೆಯ ಕಾಲದಲ್ಲಿ ಒಂದು ನಿಮಿಷದ ಬಳಿಕ ಇನ್ನೊಂದು. ಪಾತ್ರ ಎಷ್ಟೇ ಗಟ್ಟಿಯಾಗಿರಲಿ, ದಾಳದಲ್ಲಿ 1 ಬಿದ್ದರೆ ಸೋಲು. ಮೊದಲನೆಯದರಲ್ಲಿ 1 ಬಿತ್ತು. ಎರಡನೆಯದರಲ್ಲೂ 1. ಮೂರು ವರ್ಷ ಪ್ರತಿ ಶನಿವಾರ ಸಾಕಿದ ಪಾತ್ರ ಸತ್ತುಹೋಯಿತು. ‘ಪುಸ್ತಕದಲ್ಲಿ ಹಾಗಿದೆ’ ಎಂದೆ. ಅವನು ಕಾಗದವನ್ನು ಮಡಿಚಿ ಜೇಬಿಗಿಟ್ಟುಕೊಂಡು, ‘ನಮ್ಮ ಲೋಟದಾಗ ಹಿಂಗ ಆಗ್ತಿದ್ದಿಲ್ಲ’ ಎಂದಷ್ಟೇ ಹೇಳಿದ. ಆಮೇಲೆ ಎಂಟು ತಿಂಗಳು ಆಟಕ್ಕೆ ಬರಲಿಲ್ಲ. ಎದುರು ಸಿಕ್ಕಾಗ ಮಾತಾಡುತ್ತಿದ್ದ, ಕ್ರಿಕೆಟ್ಟಿನ ಬಗ್ಗೆ.

ನಾನು ಆಗ ಅವನನ್ನು ಮಗುವಿನಂತೆ ಆಡುತ್ತಾನೆಂದು ಬೈದುಕೊಂಡೆ. ಆ ಅಭಿಪ್ರಾಯ ಬದಲಾದದ್ದು ಈ ಆಟದ ಚರಿತ್ರೆಯನ್ನು ಓದುತ್ತ ಹೋದಂತೆ. 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಊರಿನಿಂದ ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು ಹೊರತಂದಾಗ ಅಚ್ಚಾದದ್ದು ಸಾವಿರ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಮೂರು ಕಿರುಹೊತ್ತಗೆ. ಕಾಳಗದ ನಿಯಮಗಳಿಗೆ ‘ಚೈನ್‌ಮೇಲ್’ ಎಂಬ ಹಳೆಯ ಯುದ್ಧದಾಟದ ಪುಸ್ತಕವನ್ನು ನೋಡಿರೆಂದು ಅದರಲ್ಲಿ ಬರೆದಿತ್ತು. ಆ ಪುಸ್ತಕ ಕೊಂಡವರೆಲ್ಲರ ಬಳಿ ಇರಲಿಲ್ಲ. ಹೀಗಾಗಿ ಪರ್ಯಾಯವೆಂದು ಕೊಟ್ಟಿದ್ದ ಇಪ್ಪತ್ತು ಮುಖದ ದಾಳದ ಕ್ರಮವೇ ಮುಖ್ಯ ಕ್ರಮವಾಗಿಬಿಟ್ಟಿತು. ಉಳಿದ ಕಂದರಗಳಿಗೆ ಊರೂರಿನ ಆಟಗಾರರು ತಮ್ಮತಮ್ಮ ಸೇತುವೆ ಕಟ್ಟಿಕೊಂಡರು. 1975ರಲ್ಲಿ ಲಾಸ್ ಏಂಜಲೀಸ್‌ನಿಂದ ಲೀ ಗೋಲ್ಡ್ ಎಂಬಾಕೆ ಆರಂಭಿಸಿದ ‘ಅಲಾರಮ್ಸ್ ಅಂಡ್ ಎಕ್ಸ್‌ಕರ್ಶನ್ಸ್’ ಪತ್ರಿಕೆಯಲ್ಲಿ ಇಂಥ ಮನೆನಿಯಮಗಳ ವಿನಿಮಯವೂ ಚರ್ಚೆಯೂ ನಡೆಯುತ್ತಿದ್ದವು. ಅಂದರೆ ಉಚಿತ ಪಠ್ಯದ ಕಂದರಗಳನ್ನು ತುಂಬಿದ ಮೊದಲಿಗರು ನಾವಲ್ಲ.

20 ಬಿದ್ದರೆ ಇಮ್ಮಡಿ ಪೆಟ್ಟು ಎಂಬುದರ ಕಥೆ ಇನ್ನೂ ಸ್ವಾರಸ್ಯದ್ದು. ಇಂದು ಈ ಆಟದ ಅರಿವಿಲ್ಲದವರೂ ಕೇಳಿರಬಹುದಾದ ಈ ನಿಯಮ 1974ರ ಹೊತ್ತಗೆಗಳಲ್ಲಿ ಇರಲಿಲ್ಲ. ಅಂಥದೊಂದನ್ನು 1975ರಲ್ಲಿ ತಂದವರು ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಉರ್ದು ಬೋಧಿಸುತ್ತಿದ್ದ ಎಂ.ಎ.ಆರ್. ಬಾರ್ಕರ್, ತಮ್ಮ ಬೇರೊಂದು ಆಟದಲ್ಲಿ. 1979ರ ತಮ್ಮ ಸೂತ್ರಧಾರರ ಕೈಪಿಡಿಯಲ್ಲಿ ಗೈಗಾಕ್ಸ್ ಇದು ಬೇಡವೆಂದು ವಾದಿಸಿದರು. ಆಟಗಾರರು ಕೇಳಲಿಲ್ಲ, ಬಳಸುತ್ತಲೇ ಹೋದರು. 1989ರ ಆವೃತ್ತಿಯಲ್ಲಿ ಅದು ಐಚ್ಛಿಕವಾಯಿತು, 2000ದಲ್ಲಿ ಅಧಿಕೃತವಾಯಿತು. ಇನ್ನೊಂದು ತಪ್ಪುಗ್ರಹಿಕೆಗೆ ಇಷ್ಟು ಅದೃಷ್ಟವಿರಲಿಲ್ಲ. ಕಾಳಗದಲ್ಲಷ್ಟೇ ಅಲ್ಲ, ಬೀಗ ತೆರೆಯುವಾಗಲೂ ಗೋಡೆ ಹತ್ತುವಾಗಲೂ 20 ಬಿದ್ದರೆ ಗೆಲುವು ಖಚಿತವೆಂದು ಎಷ್ಟೋ ಮಂದಿ ನಂಬಿದ್ದಾರೆ. 2014ರ ಪುಸ್ತಕದಲ್ಲಿ ಹಾಗಿಲ್ಲ. 2022ರಲ್ಲಿ ಕಂಪನಿ ಇದನ್ನೇ ನಿಯಮವಾಗಿಸಲು ಪ್ರಾಯೋಗಿಕ ಕರಡು ಹೊರಡಿಸಿ, ಬಳಿಕ ಹಿಂದೆಗೆದುಕೊಂಡಿತು.

ಹಾಗಾದರೆ ಆಟಗಾರರಿಗೆ ನಿಯಮ ಎಷ್ಟು ಗೊತ್ತಿರುತ್ತದೆ? ಇಪ್ಪತ್ತು ವರ್ಷಗಳಲ್ಲಿ ನನ್ನ ಮೇಜಿನಲ್ಲಿ ಕಂಡದ್ದನ್ನಷ್ಟೇ ಹೇಳಬಲ್ಲೆ. ಐವರಲ್ಲಿ ಒಬ್ಬ ಪುಸ್ತಕ ಓದಿರುತ್ತಾನೆ, ಇಬ್ಬರು ತಮ್ಮ ಪಾತ್ರದ ಪುಟಗಳನ್ನು ಮಾತ್ರ ಓದಿರುತ್ತಾರೆ, ಉಳಿದಿಬ್ಬರು ಕೇಳಿ ಕಲಿತವರು. ಓದಿದವನು ಉಳಿದವರನ್ನು ಅಜ್ಞಾನಿಗಳೆನ್ನುತ್ತಾನೆ, ನಾನೂ ಎಂದಿದ್ದೆ. ಆದರೆ ಕೇಳಿ ಕಲಿತವನಿಗೆ ತಾನು ಆಡುತ್ತ ಬಂದ ಆಟ ಚೆನ್ನಾಗಿ ಗೊತ್ತಿರುತ್ತದೆ. ಧಾರವಾಡದ ಗೆಳೆಯನಿಗೆ ಲೋಟದ ಆಟ ನನಗಿಂತ ಚೆನ್ನಾಗಿ ಗೊತ್ತಿತ್ತು. ತನ್ನ ಪೂಜಾರಿಯನ್ನು ಎಷ್ಟು ಅಪಾಯಕ್ಕೆ ಒಡ್ಡಬಹುದೆಂದು ಅವನು ಮೂರು ವರ್ಷ ಲೆಕ್ಕ ಹಾಕಿದ್ದು ಆ ಆಟದ ನಿಯಮದಂತೆ. ನಡುವೆ ನಿಯಮ ಬದಲಿಸಿದವನು ನಾನು. ಪುಸ್ತಕದ ನಿಯಮಕ್ಕೆ ಮರಳುವುದೂ ಒಂದು ಬದಲಾವಣೆಯೇ ಎಂಬುದು ಅಂದು ನನಗೆ ಹೊಳೆದಿರಲಿಲ್ಲ. ಕೇಳಿದ್ದರೆ ಅವನು ದಾಳವನ್ನೇ ಒಪ್ಪುತ್ತಿದ್ದನೋ ಏನೋ. ಒಪ್ಪಿದ್ದರೆ ಆ ಸರ್ಪದ ಹತ್ತಿರ ಸುಳಿಯುತ್ತಿರಲಿಲ್ಲ.

ಇದನ್ನು ಅವನಿಗೆ ಹೇಳಲು ನನಗೆ ಎಂಟು ತಿಂಗಳು ಬೇಕಾಯಿತು. ಅವನು ನಕ್ಕು, ಸತ್ತ ಪೂಜಾರಿ ಸತ್ತಂತೆಯೇ ಇರಲಿ, ಎಬ್ಬಿಸುವುದು ಬೇಡವೆಂದ. ಹೊಸ ಕಥೆ ತೊಡಗುವ ಮುನ್ನ ಲೋಟವೋ ದಾಳವೋ ಎಂದು ಕೈಯೆತ್ತಿಸಿ ಕೇಳುವ ಕ್ರಮ ಅಂದಿನಿಂದ ಬಂತು. ಕಥೆಯ ನಡುವೆ ಅದನ್ನು ಬದಲಿಸುವಂತಿಲ್ಲ.

ಈಗ ಅವನ ಮಗಳೂ ಆಡಲು ಬರುತ್ತಾಳೆ. ಹದಿಮೂರು ವರ್ಷ, ಪುಸ್ತಕ ಮುಟ್ಟಿಲ್ಲ. ಕಳೆದ ಸಲ ಎಲ್ಲರೂ ಲೋಟಕ್ಕೆ ಕೈಯೆತ್ತಿದ್ದರು. ಕಾಳಗ ಬಿರುಸಾಗಿತ್ತು, ಸರದಿ ಅವಳದಾಗಿತ್ತು. ಅವಳು ಲೋಟದೊಳಕ್ಕೆ ಕೈಹಾಕಿ, ಒಂದೇ ಬಿಲ್ಲೆ ಉಳಿದಿರುವುದನ್ನು ಅರಿತು, ಮೆಲ್ಲನೆ ಕೈ ಹಿಂದೆಗೆದುಕೊಂಡಳು. ‘ಅಂಕಲ್, ನಿಮ್ಮ ರಾಕ್ಷಸ ಮೊದಲು ಹೊಡೀಲಿ’ ಎಂದಳು. ನಾನು ತೆಗೆದೆ. 2 ಬಂತು.