ಪೈಥಾನ್ 2ರಿಂದ 3ಕ್ಕೆ: ಲೈಬ್ರರಿಗಳ ಹನ್ನೆರಡು ವರ್ಷ

ಪೈಥಾನ್ 2ರಲ್ಲಿ ‘ಕನ್ನಡ’ ಎಂದು ಬರೆದು ಅದರ ಉದ್ದ ಎಷ್ಟೆಂದು ಕೇಳಿದರೆ ಸಾಮಾನ್ಯವಾಗಿ 15 ಎಂಬ ಉತ್ತರ ಬರುತ್ತಿತ್ತು. ಪೈಥಾನ್ 3 ಅದೇ ಪ್ರಶ್ನೆಗೆ 5 ಎನ್ನುತ್ತದೆ. ಮೊದಲನೆಯದು ಬೈಟ್‌ಗಳ ಲೆಕ್ಕ: ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಎರಡನೆಯದು ಯುನಿಕೋಡ್ ಸಂಕೇತಗಳ ಲೆಕ್ಕ: ಕ, ನ, ಹಲಂತ, ನ, ಡ. ನೋಡಲು ಚಿಕ್ಕದಾದ ಈ ಬದಲಾವಣೆಯೇ ಜಗತ್ತಿನ ಸಾವಿರಾರು ಲೈಬ್ರರಿಗಳನ್ನು ವರ್ಷಗಟ್ಟಲೆ ಕಾಡಿತು.

ಲೈಬ್ರರಿ ಎಂದರೆ ಯಾರೋ ಬರೆದು ಎಲ್ಲರ ಬಳಕೆಗೆ ಬಿಟ್ಟ ಸಿದ್ಧ ಕೋಡ್. ಭಾಷೆಯ ಹೊಸ ಆವೃತ್ತಿಯಲ್ಲಿ ಅದು ಓಡುವಂತೆ ತಿದ್ದುವುದನ್ನು ‘ಪೋರ್ಟ್ ಮಾಡುವುದು’ ಎನ್ನುತ್ತಾರೆ. ಗೀಡೊ ವಾನ್ ರಾಸಮ್ ಹುಟ್ಟುಹಾಕಿದ ಪೈಥಾನ್, 2008ರ ಡಿಸೆಂಬರ್ 3ರಂದು 3.0 ಆವೃತ್ತಿಯಾಗಿ ಹೊರಬಂದಾಗ ಹಳೆಯ ಕೋಡ್ ಹಾಗೆಯೇ ಓಡಬೇಕೆಂಬ ಕಟ್ಟುಪಾಡನ್ನು ಬೇಕೆಂದೇ ಬಿಟ್ಟಿತ್ತು. ‘ಪ್ರಿಂಟ್’ ಆದೇಶಕ್ಕೆ ಕಂಸ ಕಡ್ಡಾಯವಾಯಿತು. 7ನ್ನು 2ರಿಂದ ಭಾಗಿಸಿದರೆ 3 ಬರುತ್ತಿದ್ದಲ್ಲಿ 3.5 ಬರತೊಡಗಿತು. ಇಂಥವನ್ನು ಹುಡುಕಿ ತಿದ್ದುವುದು ಬೇಸರದ ಕೆಲಸವೇ ಹೊರತು ಕಷ್ಟದ್ದಲ್ಲ.

ಕಷ್ಟವಿದ್ದದ್ದು ಪಠ್ಯದಲ್ಲಿ. ಪೈಥಾನ್ 2 ಬೈಟ್‌ಗಳನ್ನೂ ಅಕ್ಷರಗಳನ್ನೂ ಬೆರೆಸಲು ಬಿಡುತ್ತಿತ್ತು. ಬೆರೆಸುವಾಗ ಎಲ್ಲವೂ ಇಂಗ್ಲಿಷ್ ಅಕ್ಷರಗಳೇ ಇರಬೇಕೆಂದು ತಾನೇ ಊಹಿಸಿಕೊಳ್ಳುತ್ತಿತ್ತು. ಇಂಗ್ಲಿಷ್ ಹೆಸರುಗಳನ್ನಷ್ಟೇ ಕೊಟ್ಟು ಪರೀಕ್ಷಿಸಿದ ಲೈಬ್ರರಿ ಹಾಗಾಗಿ ಸಲೀಸಾಗಿ ಪಾಸಾಗಿಬಿಡುತ್ತಿತ್ತು. ಮುಂದೊಂದು ದಿನ ಬಳಕೆದಾರರೊಬ್ಬರು ತಮ್ಮ ಹೆಸರನ್ನು ಕನ್ನಡದಲ್ಲಿ ತುಂಬಿದಾಗ ಕುಸಿಯುತ್ತಿತ್ತು. ಪೈಥಾನ್ 3ರಲ್ಲಿ ಎರಡನ್ನೂ ಕೂಡಿಸಹೋದರೆ ಅಲ್ಲೇ ದೋಷ ತೋರಿಸುತ್ತದೆ, ಯಾವ ಭಾಷೆಯ ಹೆಸರಾದರೂ ಸರಿ. ಇಂಗ್ಲಿಷೇತರ ಭಾಷೆಗಳಲ್ಲಿ ಬರೆಯುವ ನಮ್ಮಂಥವರಿಗೆ ಇದು ದೊಡ್ಡ ಉಪಕಾರ ಎಂದೇ ನನ್ನ ಭಾವನೆ.

ಆದರೆ ಲೈಬ್ರರಿ ಬರೆದವರು ಈಗ ಪ್ರತಿಯೊಂದು ಸಾಲಿನಲ್ಲೂ ಕೇಳಿಕೊಳ್ಳಬೇಕಾಯಿತು: ಇಲ್ಲಿ ಬಂದಿರುವುದು ಬೈಟೋ ಅಕ್ಷರವೋ? ಅದಕ್ಕೆ ಯಂತ್ರ ಉತ್ತರಿಸಲಾರದು. ಮರ್ಕ್ಯುರಿಯಲ್ ಎಂಬ ಆವೃತ್ತಿ ನಿಯಂತ್ರಣ ತಂತ್ರಾಂಶವನ್ನೇ ನೋಡಿ. ಯುನಿಕ್ಸ್‌ನಲ್ಲಿ ಫೈಲಿನ ಹೆಸರು ಬರೀ ಬೈಟ್‌ಗಳ ಸಾಲು. ಅದನ್ನು ಅಕ್ಷರವೆಂದು ಓದಹೋದರೆ ಯಾರದೋ ಹಳೆಯ ಫೈಲು ಕೆಡಬಹುದು. ಹಾಗಾಗಿ ಮರ್ಕ್ಯುರಿಯಲ್ ಬರೆದವರಿಗೆ ಬೈಟೇ ಬೇಕಿತ್ತು. ಆದರೆ ಬೈಟ್‌ಗಳ ಒಳಗೆ ಶೇಕಡಾ ಚಿಹ್ನೆ ಬಳಸಿ ಬೆಲೆ ತುಂಬುವ ಸೌಲಭ್ಯವನ್ನು ಪೈಥಾನ್ 3 ತೆಗೆದುಹಾಕಿತ್ತು; ಅದು ಮರಳಿದ್ದು 2015ರ 3.5ರಲ್ಲಿ. ಮರ್ಕ್ಯುರಿಯಲ್ ಪೈಥಾನ್ 3ಕ್ಕೆ ಬಂದದ್ದು 2019ರ ನವೆಂಬರ್‌ನಲ್ಲಿ, 5.2 ಆವೃತ್ತಿಯೊಂದಿಗೆ.

ಇನ್ನೊಂದು ತೊಡಕು ಅವಲಂಬನೆಯ ಸರಪಳಿ. ತಳದ ಲೈಬ್ರರಿ ಬರದೆ ಮೇಲಿನದು ಬರುವಂತಿಲ್ಲ. ಗಣಿತದ ಕೆಲಸಕ್ಕೆ ಎಲ್ಲರೂ ನೆಚ್ಚುವ ನಮ್‌ಪೈ 2010ರಲ್ಲಿ ಪೈಥಾನ್ 3ಕ್ಕೆ ಬಂತು. ಅದರಲ್ಲಿ ಸಿ ಭಾಷೆಯ ಕೋಡೂ ಹೇರಳವಾಗಿದ್ದುದರಿಂದ ಕೈಯಿಂದಲೇ ತಿದ್ದಬೇಕಿತ್ತು. ಅದರ ಮೇಲೆ ನಿಂತ ಸೈಪೈ 2011ರಲ್ಲಿ, ನಕ್ಷೆ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್ 2012ರಲ್ಲಿ. ಈ ಮೂರನ್ನೂ ಬಳಸುವ ವಿಜ್ಞಾನಿಗೆ ಹೊಸ ಪೈಥಾನ್ ಕೈಗೆಟುಕಲು ನಾಲ್ಕು ವರ್ಷ ಹಿಡಿಯಿತು. ಜನ ಹೊಸದಕ್ಕೆ ಹೋಗಲು ಸೋಮಾರಿತನ ಮಾಡಿದರು ಎಂದು ಆಗ ದೂರಿದವರು ಈ ಸರಪಳಿಯನ್ನು ಗಮನಿಸಲಿಲ್ಲ.

ಪೈಥಾನ್ ತಂಡದ ಮೊದಲಿನ ಸಲಹೆಯೂ ನೆರವಾಗಲಿಲ್ಲ. ಕೋಡನ್ನು ಪೈಥಾನ್ 2ರಲ್ಲೇ ಇಟ್ಟುಕೊಂಡು, ‘2ಟು3’ ಎಂಬ ಉಪಕರಣದಿಂದ ಪ್ರತಿ ಬಿಡುಗಡೆಗೂ ಪರಿವರ್ತಿಸಿ ಎಂದಿದ್ದರು. ದೋಷ ಕಾಣಿಸುತ್ತಿದ್ದುದು ಯಂತ್ರ ಬರೆದ ಕೋಡಿನಲ್ಲಿ, ತಿದ್ದಬೇಕಾದದ್ದು ಮನುಷ್ಯ ಬರೆದ ಕೋಡನ್ನು. ಲೈಬ್ರರಿ ನೋಡಿಕೊಳ್ಳಲು ಸಂಜೆ ಹೊತ್ತು ಸಂಬಳವಿಲ್ಲದೆ ಕೂರುವ ಮೇಂಟೇನರ್‌ಗೆ ಇದು ಒಗ್ಗಲಿಲ್ಲ. ಕೆಲಸ ಸಾಗಿದ್ದು ಒಂದೇ ಕೋಡ್ ಎರಡರಲ್ಲೂ ಓಡುವಂತೆ ಬರೆಯುವುದು ರೂಢಿಯಾದ ಮೇಲೆ. 2.7ರ ಬಿಡುಗಡೆಯ ಹೊಣೆ ಹೊತ್ತಿದ್ದ ಬೆಂಜಮಿನ್ ಪೀಟರ್ಸನ್ ಬರೆದ ‘ಸಿಕ್ಸ್’ ಲೈಬ್ರರಿ (ಎರಡ್ಮೂರ್ಲಿ ಆರು!) ಎರಡರ ನಡುವಿನ ವ್ಯತ್ಯಾಸಗಳನ್ನು ತನ್ನೊಳಗೆ ಮುಚ್ಚಿಟ್ಟುಕೊಂಡಿತು. ವೆಬ್ ತಾಣ ಕಟ್ಟುವ ಫ್ಲಾಸ್ಕ್ ಲೈಬ್ರರಿ ಬರೆದ ಆರ್ಮಿನ್ ರೊನಾಕರ್ ಒತ್ತಾಯದಿಂದ 2012ರ 3.3ರಲ್ಲಿ, ಯುನಿಕೋಡ್ ಪಠ್ಯದ ಮುಂದೆ ‘ಯು’ ಹಚ್ಚುವ ಹಳೆಯ ಬರವಣಿಗೆ ಮರಳಿತು. ಆ ‘ಯು’ಗೆ ಹೊಸ ಪೈಥಾನಿನಲ್ಲಿ ಯಾವ ಅರ್ಥವೂ ಇರಲಿಲ್ಲ, ಆದರೂ ಸಾವಿರಾರು ಸಾಲುಗಳನ್ನು ಮುಟ್ಟದೆ ಬಿಡಲು ಅದರಿಂದ ಸಾಧ್ಯವಾಯಿತು. ಭಾಷೆ ಕಟ್ಟುವವರು ಒಂದು ಹೆಜ್ಜೆ ಹಿಂದಿಟ್ಟಿದ್ದರಿಂದ ಲೈಬ್ರರಿಗಳು ಹತ್ತು ಹೆಜ್ಜೆ ಮುಂದೆ ಬಂದವು. ಈ ಔದಾರ್ಯ ನಾಲ್ಕು ವರ್ಷ ಮೊದಲೇ ಬರಬೇಕಿತ್ತು.

2015ಕ್ಕೆ ಮುಗಿಯಬೇಕಿದ್ದ ಪೈಥಾನ್ 2ರ ಬೆಂಬಲವನ್ನು 2020ಕ್ಕೆ ಮುಂದೂಡಲಾಯಿತು. ಕೊನೆಯ ಆವೃತ್ತಿ 2.7.18 ಆ ವರ್ಷದ ಏಪ್ರಿಲ್‌ನಲ್ಲಿ ಹೊರಟಿತು.

ಅಲ್ಲಿಗೆ ಮೇಂಟೇನರ್‌ಗಳ ಕೆಲಸ ಮುಗಿಯಲಿಲ್ಲ. ಈಗ ಪ್ರತಿ ಅಕ್ಟೋಬರ್‌ಗೆ ಹೊಸ ಪೈಥಾನ್ ಬರುತ್ತದೆ, ಒಂದೊಂದಕ್ಕೂ ಐದು ವರ್ಷ ಆಯುಸ್ಸು. ಎಂದರೆ ಒಂದು ಲೈಬ್ರರಿಯನ್ನು ಒಟ್ಟಿಗೆ ನಾಲ್ಕೈದು ಆವೃತ್ತಿಗಳಲ್ಲಿ ಓಡಿಸಿ ನೋಡುತ್ತಿರಬೇಕು. 2023ರ 3.12ರಲ್ಲಿ ‘ಡಿಸ್ಟ್‌ಯುಟಿಲ್ಸ್’ ಎಂಬ ಲೈಬ್ರರಿ ಕಟ್ಟುವ ಹಳೆಯ ಸಾಧನವನ್ನು ತೆಗೆದುಹಾಕಿದಾಗ, ಯಾರೂ ಮುಟ್ಟದೆ ಬಿಟ್ಟಿದ್ದ ಎಷ್ಟೋ ಲೈಬ್ರರಿಗಳು ಇನ್‌ಸ್ಟಾಲ್ ಆಗುವುದೇ ನಿಂತಿತು. ಎಚ್ಚರಿಕೆಯ ಸಂದೇಶ ಎರಡು ವರ್ಷದಿಂದ ಬರುತ್ತಲೇ ಇತ್ತು. ಅದನ್ನು ಓದಿ ತಿದ್ದುವ ಒಬ್ಬರು ಇದ್ದಲ್ಲಿ ಮಾತ್ರ ಲೈಬ್ರರಿ ಉಳಿಯಿತು.

ಈ ಕೆಲಸದಲ್ಲಿ ಕನ್ನಡ ಬಲ್ಲವರು ಕೊಡಬಹುದಾದದ್ದು ಬಹಳವಿದೆ. ‘ಕೋಲಾರ’ದ ‘ಕೋ’ವನ್ನು ಯುನಿಕೋಡ್‌ನಲ್ಲಿ ‘ಕ’ದ ಮುಂದೆ ಒಂದೇ ಸ್ವರಚಿಹ್ನೆ ಇಟ್ಟೂ ಬರೆಯಬಹುದು, ಆ ಚಿಹ್ನೆಯನ್ನು ಮೂರು ತುಂಡಾಗಿ ಬಿಡಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಪೈಥಾನ್ 3 ಮೊದಲ ರೀತಿಯಲ್ಲಿ ಬರೆದ ‘ಕೋಲಾರ’ದ ಉದ್ದ 5 ಎಂದೂ ಎರಡನೆಯದರದು 7 ಎಂದೂ ಹೇಳಿ, ಎರಡೂ ಸಮವಲ್ಲ ಎನ್ನುತ್ತದೆ. ಹುಡುಕಾಟದ ಲೈಬ್ರರಿ ಮೊದಲು ಎರಡನ್ನೂ ಒಂದೇ ರೂಪಕ್ಕೆ ತಾರದಿದ್ದರೆ ಕೋಲಾರದವರು ಅರ್ಧದಷ್ಟು ಮಂದಿ ಸಿಗದೆ ಹೋಗಬಹುದು. ನೀವು ದಿನವೂ ಬಳಸುವ ಲೈಬ್ರರಿಯ ಟೆಸ್ಟ್‌ಗಳಲ್ಲಿ ಇಂಥದೊಂದು ಪದ ಇದೆಯೇ ನೋಡಿ. ಇಲ್ಲದಿದ್ದರೆ ಆ ಎರಡು ರೂಪಗಳನ್ನೂ ಇಟ್ಟು ನಾಲ್ಕು ಸಾಲಿನ ಟೆಸ್ಟ್ ಬರೆದು ಕಳಿಸಿ. ದೂರದ ಊರಿನ ಮೇಂಟೇನರ್‌ಗೆ ತಾನಾಗಿಯೇ ಇದು ಹೊಳೆಯುವ ಸಂಭವ ಕಡಿಮೆ.