ಹಾಡುವ ಉಯ್ಯಾಲೆಗಳು

ನಾಗರಪಂಚಮಿಯಂದು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮರದ ಕೊಂಬೆಗೆ ಹಗ್ಗ ಕಟ್ಟಿ ಜೋಕಾಲಿ ಆಡುವುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಕೆಲವರು ತಾವೇ ಜೀಕಿಯೂ ಇರಬಹುದು. ಇಬ್ಬರು ಒಂದೇ ಜೋಕಾಲಿಯ ಮೇಲೆ ಎದುರುಬದುರಾಗಿ ನಿಂತು ಜೀಕುವಾಗ, ಒಬ್ಬರು ಮೊಣಕಾಲು ಬಗ್ಗಿಸುವ ಸಮಯವನ್ನು ಇನ್ನೊಬ್ಬರು ಅರಿತಿರಬೇಕು. ಇಲ್ಲವಾದರೆ ಜೋಕಾಲಿ ಮೇಲೇರದು. ಗೆಳತಿಯರಿಗೆ ಈ ಅರಿವು ಸಹಜವಾಗಿಯೇ ಬರುತ್ತದೆ. ಪರಸ್ಪರ ಗುರುತಿಲ್ಲದ ನಗರವಾಸಿಗಳಲ್ಲಿಯೂ ಅದನ್ನು ಮೂಡಿಸಲು ಸಾಧ್ಯವೇ?

ಬಸ್ಸಿಗಾಗಿ ಕಾದು ನಿಂತಿರುವ ಜನರನ್ನು ನೋಡಿರಿ. ಭುಜಕ್ಕೆ ಭುಜ ತಾಗುವಷ್ಟು ಹತ್ತಿರವಿದ್ದರೂ ಒಬ್ಬೊಬ್ಬರ ದೃಷ್ಟಿಯೂ ತಮ್ಮ ತಮ್ಮ ಮೊಬೈಲಿನಲ್ಲಿಯೇ ನೆಟ್ಟಿರುತ್ತದೆ. ನೆರೆಯವರನ್ನು ಗಮನಿಸಿರೆಂದು ಫಲಕ ಬರೆದು ನಿಲ್ಲಿಸಿದರೆ ಅದನ್ನು ಓದುವವರೂ ಇರಲಾರರು. ಉಪದೇಶದಿಂದಾಗದ ಈ ಕೆಲಸ ಆಟದಿಂದ ಆದೀತೆಂಬುದಕ್ಕೆ ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ಒಂದು ನಿದರ್ಶನವಿದೆ.

2011ರ ವಸಂತದಲ್ಲಿ ಆ ನಗರದ ಸಾರ್ವಜನಿಕ ಸ್ಥಳವೊಂದರಲ್ಲಿ 21 ಉಯ್ಯಾಲೆಗಳನ್ನು ಸಾಲಾಗಿ ತೂಗುಹಾಕಲಾಯಿತು. ಮೂನಾ ಆಂದ್ರಾವೊಸ್ ಮತ್ತು ಮೆಲಿಸ್ಸಾ ಮೊಂಜಿಯಾ ಎಂಬಿಬ್ಬರು ವಿನ್ಯಾಸಕಾರ್ತಿಯರು ಸ್ಥಾಪಿಸಿದ 'ಡೈಲಿ ತೂ ಲೆ ಜೂರ್' ಎಂಬ ಸಂಸ್ಥೆ ಇವುಗಳನ್ನು ರೂಪಿಸಿತು. ಉಯ್ಯಾಲೆ ತೂಗಿದೊಡನೆ ಅದರ ಚಲನೆ ವಿದ್ಯುತ್ ಸಂಕೇತವಾಗಿ ಮಾರ್ಪಟ್ಟು, ಧ್ವನಿವರ್ಧಕದಿಂದ ಒಂದು ಸ್ವರ ಹೊಮ್ಮುತ್ತದೆ. ಒಬ್ಬನೇ ತೂಗಿದರೆ ಅವನ ಸ್ವರವಷ್ಟೇ ಕೇಳುತ್ತದೆ. ಹಲವರು ಹೊಂದಿಕೆಯಿಂದ ತೂಗಿದಾಗ ಮಾತ್ರ ಕೆಲವು ರಾಗಮಾಲಿಕೆಗಳು ಹೊರಬರುತ್ತವೆ. ಈ ಯೋಜನೆಯಲ್ಲಿ ಪ್ರಾಣಿವರ್ತನೆಯ ತಜ್ಞರಾದ ಲ್ಯೂಕ್-ಅಲೆನ್ ಜಿರಾಲ್ದೊ ಎಂಬ ವಿಜ್ಞಾನಿಯೂ ಸಹಕರಿಸಿದ್ದರೆಂಬುದು ಗಮನಾರ್ಹ. ಒಂಟಿಯಾಗಿ ಪಡೆಯಲಾಗದ ಫಲವನ್ನು ಕೂಡಿ ಪಡೆಯುವುದೇ ಸಹಕಾರವಷ್ಟೆ; ಆ ತತ್ತ್ವವೇ ಇಲ್ಲಿ ಆಟದ ನಿಯಮವಾಯಿತು.

ಆದರೆ ಸಂಗೀತವಿದ್ದರೆ ಸಾಲದು. ಐದು ವರ್ಷದ ಮಗುವೂ ಐವತ್ತು ವರ್ಷದ ಹಿರಿಯರೂ ಒಂದೇ ಲಯದಲ್ಲಿ ತೂಗುವುದು ಹೇಗೆ? ಇಲ್ಲಿ ಭೌತಶಾಸ್ತ್ರವು ಸಹಾಯಕ್ಕೆ ಬರುತ್ತದೆ. ಉಯ್ಯಾಲೆಯು ಒಂದು ಲೋಲಕ. ಅದು ಒಮ್ಮೆ ಹೋಗಿ ಬರಲು ತೆಗೆದುಕೊಳ್ಳುವ ಕಾಲ, ತೂಗುವವರ ತೂಕವನ್ನು ಅವಲಂಬಿಸಿರುವುದಿಲ್ಲ. ಮುಖ್ಯವಾಗಿ ಲೋಲಕದ ಉದ್ದವನ್ನು ಅವಲಂಬಿಸಿರುತ್ತದೆ. 1 ಮೀಟರ್ ಉದ್ದದ ಲೋಲಕಕ್ಕೆ ಸುಮಾರು 2 ಸೆಕೆಂಡು ಬೇಕು. 4 ಮೀಟರಿನದಕ್ಕೆ ಸುಮಾರು 4 ಸೆಕೆಂಡು. ಉದ್ದ ನಾಲ್ಕು ಪಟ್ಟಾದರೆ ಕಾಲ ಎರಡು ಪಟ್ಟಾಗುತ್ತದೆ. ತೂಗುವ ಎತ್ತರದಿಂದಲೂ ಹೆಚ್ಚಿನ ವ್ಯತ್ಯಾಸವಾಗದು. ಇಕ್ಕೆಲಕ್ಕೂ 30 ಡಿಗ್ರಿಯವರೆಗೆ ತೂಗಿದರೂ ಕಾಲ ಹೆಚ್ಚುವುದು ನೂರಕ್ಕೆ 2ಕ್ಕಿಂತ ಕಡಿಮೆ. ಕುಳಿತವರ ದೇಹದ ಎತ್ತರದಿಂದ ಲೋಲಕದ ಉದ್ದ ತುಸು ಬದಲಾಗುವುದು ನಿಜ. ಆದರೂ ಸಮನಾದ ಹಗ್ಗಗಳಿರುವ ಉಯ್ಯಾಲೆಗಳಲ್ಲಿ ಬಲಶಾಲಿಗೂ ದುರ್ಬಲನಿಗೂ ಹೆಚ್ಚುಕಡಿಮೆ ಒಂದೇ ಲಯ. ಜೋರಾಗಿ ಜೀಕಿದರೆ ಎತ್ತರ ಹೆಚ್ಚೀತೇ ಹೊರತು ಕಾಲ ಕಡಿಮೆಯಾಗದು. ನೆರೆಯವನನ್ನು ಹಿಂದೆ ಹಾಕುವ ಮಾತೇ ಇಲ್ಲಿಲ್ಲ!

ಲಯ ಒಂದೇ ಆದರೂ ಒಬ್ಬನು ಮುಂದಿರುವಾಗ ಇನ್ನೊಬ್ಬನು ಹಿಂದಿರಬಹುದು. ಇದನ್ನು ಹೊಂದಿಸುವವರಾರು? 1665ರಲ್ಲಿ ಹಾಲೆಂಡಿನ ವಿಜ್ಞಾನಿ ಕ್ರಿಶ್ಚಿಯನ್ ಹೈಗೆನ್ಸ್, ಜೊತೆಯಾಗಿ ತೂಗುಹಾಕಿದ್ದ ಎರಡು ಲೋಲಕದ ಗಡಿಯಾರಗಳು ತಾವಾಗಿಯೇ ಪರಸ್ಪರ ಹೊಂದಿಕೊಂಡು, ಒಂದು ಎಡಕ್ಕೆ ಹೋದಾಗ ಇನ್ನೊಂದು ಬಲಕ್ಕೆ ಹೋಗುವುದನ್ನು ಗಮನಿಸಿದನು. ಎರಡಕ್ಕೂ ಆಧಾರವಾಗಿದ್ದ ತೊಲೆಯ ಮೂಲಕ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಕಂಪನಗಳು ಹರಿದು ಅವುಗಳನ್ನು ಬೆಸೆದಿದ್ದವು. ಮಾಂಟ್ರಿಯಲ್ಲಿನ ಉಯ್ಯಾಲೆಗಳಲ್ಲಿ ಈ ಬೆಸುಗೆಯ ಕೆಲಸ ಮನುಷ್ಯರದು. ಪಕ್ಕದವರ ಸ್ವರಕ್ಕೆ ಕಿವಿಗೊಟ್ಟು, ಅರೆಕ್ಷಣ ಕಾಲೂರಿ ನಿಂತು, ಅವರು ಬರುವ ಹೊತ್ತಿಗೆ ಮತ್ತೆ ಹೊರಡಬೇಕು. ಗಡಿಯಾರಗಳ ನಡುವೆ ತೊಲೆಯಿದ್ದಂತೆ ಇಲ್ಲಿ ಅಪರಿಚಿತರ ನಡುವೆ ಇರುವುದು ಅವಧಾನ.

ಪ್ರಯೋಗಶಾಲೆಯಲ್ಲಿಯೂ ಇದರ ಒಂದು ಅಂಶವನ್ನು ನಾನು ವರ್ಷವರ್ಷವೂ ಕಾಣುತ್ತೇನೆ. ಗದ್ದಲ ಮಾಡುತ್ತ ಒಳಬಂದ ವಿದ್ಯಾರ್ಥಿಗಳು ಲೋಲಕದ 20 ಆಂದೋಲನಗಳನ್ನು ಎಣಿಸತೊಡಗಿದೊಡನೆ ಕೊಠಡಿ ನಿಶ್ಶಬ್ದವಾಗುತ್ತದೆ. ಎಣಿಕೆ ತಪ್ಪಿದರೆ ಮೊದಲಿನಿಂದ ಆರಂಭಿಸಬೇಕು. ಸುಮ್ಮನಿರಿ ಎಂದು ನಾನು ಹತ್ತು ಸಲ ಹೇಳಿದರೂ ಆಗದ ಕೆಲಸವನ್ನು ಒಂದು ದಾರವೂ ಒಂದು ಗುಂಡೂ ಮಾಡಿ ಮುಗಿಸುತ್ತವೆ.

ಉಯ್ಯಾಲೆಯಿಂದ ಇಳಿದ ಅಪರಿಚಿತರು ಮರುದಿನ ಮಿತ್ರರಾಗಿಯೇ ಉಳಿಯುವರೆಂದು ಹೇಳುವಂತಿಲ್ಲ. ಆದರೆ ಕೆಲವು ನಿಮಿಷಗಳ ಮಟ್ಟಿಗಾದರೂ ಅವರು ಒಬ್ಬರನ್ನೊಬ್ಬರು ಆಲಿಸಿದ್ದಾರೆ. ಅದೂ ಯಾರ ಬಲವಂತವಿಲ್ಲದೆ, ನಗುನಗುತ್ತ. ನಗರವೆಂಬುದು ರಸ್ತೆ ಕಟ್ಟಡಗಳ ಮೊತ್ತವಲ್ಲವೆಂದು ಒಪ್ಪುವುದಾದರೆ ಇದು ಅಲ್ಪ ಲಾಭವೇನಲ್ಲ.

ಈ ತತ್ತ್ವವನ್ನು ಪರೀಕ್ಷಿಸಲು ಮಾಂಟ್ರಿಯಲ್ಲಿಗೆ ಹೋಗಬೇಕಾಗಿಲ್ಲ. ನಿಮ್ಮ ಊರಿನ ಉದ್ಯಾನದಲ್ಲಿ ಸಮನಾದ ಸರಪಳಿಗಳಿರುವ ಎರಡು ಉಯ್ಯಾಲೆಗಳಲ್ಲಿ ನೀವೂ ನಿಮ್ಮ ತಮ್ಮನೋ ತಂಗಿಯೋ ಕುಳಿತು, ಗಡಿಯಾರ ಹಿಡಿದು ಆಂದೋಲನಗಳನ್ನು ಎಣಿಸಿರಿ. ಅನಂತರ ಗಡಿಯಾರವನ್ನು ಜೇಬಿಗಿಟ್ಟು, ಇಬ್ಬರೂ ಜೊತೆಯಾಗಿ ಮುಂದೆ ಬರುವಂತೆ ತೂಗಲು ಯತ್ನಿಸಿರಿ. ಮೊದಲನೆಯದು ಉಯ್ಯಾಲೆಯ ಗುಣವನ್ನು ತಿಳಿಸುತ್ತದೆ. ಎರಡನೆಯದು, ನೀವು ಪಕ್ಕದವರನ್ನು ಎಷ್ಟು ಗಮನಿಸಬಲ್ಲಿರೆಂಬುದನ್ನು.